ಹೆಸರು ಗುಲ್ಬರ್ಗದ್ದು, ಆಟ ಬೆಂಗಳೂರಿನದು

ಆರ್‌ಸಿಬಿ ಕಪ್ ಎತ್ತಲು ಹದಿನೆಂಟನೇ ಐಪಿಎಲ್‌ವರೆಗೆ, ಅಂದರೆ 2025ರವರೆಗೆ ಕಾಯಬೇಕಾಯಿತು. ಗುಲ್ಬರ್ಗ ಮಿಸ್ಟಿಕ್ಸ್ ಮೊದಲ ಸಲ ಕಣಕ್ಕಿಳಿದಾಗಲೇ ಕಪ್ ಎತ್ತಿತ್ತು. ವಿಶ್ವಾರಾಧ್ಯರ ಮಠದ ಅಬ್ಬೆತುಮಕೂರಿನಲ್ಲಾಗಲಿ, ಶಹಾಪುರ, ಸುರಪುರಗಳಲ್ಲಾಗಲಿ ಇದಕ್ಕೆ ಪಟಾಕಿ ಸಿಡಿದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ನಮ್ಮ ಯಾದಗಿರಿ, ಕಲಬುರಗಿ ಸೀಮೆಗೂ ಒಂದು ವೃತ್ತಿಪರ ತಂಡವಿದೆ ಎಂಬುದೇ ಅನೇಕರಿಗೆ ಸುದ್ದಿ.

ಆ ತಂಡ ಆಡುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಮಹಾರಾಜ ಟ್ರೋಫಿ ಟಿ20ಯಲ್ಲಿ. ಮಹಾರಾಜ ಎಂದರೆ ಸಂಸ್ಥೆಯ ಅಧ್ಯಕ್ಷರಾಗಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ ಹೀಗೆ ಆರು ತಂಡ. ಊರು 2014ರಲ್ಲೇ ಕಲಬುರಗಿಯಾದರೂ ತಂಡದವರಿಗೆ ಹಳೇ ಹೆಸರೇ ರುಚಿಸಿದೆ.

ಇದಕ್ಕೂ ಮೊದಲು ಇದ್ದದ್ದು ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್). ಯಾದಗಿರಿ ಜಿಲ್ಲೆ ಹುಟ್ಟಿದ 2009ರಲ್ಲೇ ಅದೂ ಹುಟ್ಟಿತು. ಎರಡು ವರ್ಷ ನಡೆದು, ನಿಂತು, 2014ರಲ್ಲಿ ಮತ್ತೆ ಎದ್ದಿತು. ಬಿಜಾಪುರ ಬುಲ್ಸ್ 2015 ಮತ್ತು 2018ರಲ್ಲಿ ಗೆದ್ದರೆ, ನಡುವೆ 2016ರಲ್ಲಿ ಬಳ್ಳಾರಿ ಟಸ್ಕರ್ಸ್ ಗೆದ್ದಿತು. ಬಳ್ಳಾರಿ ತಂಡದ ಮಾತು ಬಂದರೆ 2019ರ ಆಗಸ್ಟ್ 23ನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಂದು ಶಿವಮೊಗ್ಗದ ವಿರುದ್ಧ ಕೃಷ್ಣಪ್ಪ ಗೌತಮ್ 56 ಎಸೆತಗಳಲ್ಲಿ ಔಟಾಗದೆ 134 ಬಾರಿಸಿದರು, ಅದರಲ್ಲಿ 13 ಸಿಕ್ಸರ್. ಸಾಲದೆಂಬಂತೆ ನಾಲ್ಕು ಓವರ್ ಎಸೆದು 15 ರನ್‌ಗೆ 8 ವಿಕೆಟ್ ಕಿತ್ತರು. ಒಬ್ಬನೇ ಆಟಗಾರ ಒಂದೇ ಸಂಜೆ ಮಾಡಿದ ಈ ಕೆಲಸ ವಿಶ್ವದಾಖಲೆ ಆಗಬೇಕಿತ್ತು. ಆಗಲಿಲ್ಲ. ಕೆಪಿಎಲ್ ಪಂದ್ಯಗಳಿಗೆ ಅಧಿಕೃತ ಟಿ20 ಮಾನ್ಯತೆ ಇರಲಿಲ್ಲ, ಹಾಗಾಗಿ ದಾಖಲೆ ಪುಸ್ತಕಕ್ಕೆ ಆ ಸಂಜೆ ನಡೆದೇ ಇಲ್ಲ. ಸಣ್ಣ ಲೀಗಿನ ಹಣೆಬರಹವೇ ಇಷ್ಟು.

ಅದೇ ವರ್ಷ ಫೈನಲ್‌ನಲ್ಲಿ ಬಳ್ಳಾರಿ ಹುಬ್ಬಳ್ಳಿಗೆ 8 ರನ್‌ಗಳಿಂದ ಸೋತಿತು. ಕೆಲವೇ ತಿಂಗಳಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸತೊಡಗಿದರು. ಮ್ಯಾಚ್ ಫಿಕ್ಸಿಂಗ್ ವಂಚನೆಯ ಕಲಮಿನಡಿ ಬರುವುದಿಲ್ಲವೆಂದು 2022ರಲ್ಲಿ ಹೈಕೋರ್ಟ್ ಹೇಳಿತಾದರೂ, ಕೆಪಿಎಲ್ ಮತ್ತೆ ಏಳಲಿಲ್ಲ.

ಹೊಸ ಹೆಸರು, ಹೊಸ ಕಪ್ ಬಂದದ್ದು ಆಮೇಲೆ. 2022ರ ಆಗಸ್ಟ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್‌ಗಳಿಂದ ಸೋಲಿಸಿ ಗುಲ್ಬರ್ಗ ಮೊದಲ ಚಾಂಪಿಯನ್ ಆಯಿತು. ನಾಯಕ ಮನೀಶ್ ಪಾಂಡೆ, ಜೊತೆಗೆ ದೇವದತ್ತ ಪಡಿಕ್ಕಲ್. ಮರುವರ್ಷ ಹುಬ್ಬಳ್ಳಿ ಟೈಗರ್ಸ್ ಮೈಸೂರನ್ನು 8 ರನ್‌ಗಳಿಂದ ಮಣಿಸಿತು. ನಾಯಕ ಯಾರು? ಅದೇ ಮನೀಶ್ ಪಾಂಡೆ! ಕಪ್ ನಾಯಕನ ಬೆನ್ನು ಹತ್ತಿ ಹೋಯಿತು, ಗುಲ್ಬರ್ಗಕ್ಕೆ ಉಳಿದದ್ದು ಜೆರ್ಸಿ ಮೇಲಿನ ಹೆಸರು.

ಇದನ್ನೆಲ್ಲ ನಿರ್ಧರಿಸುವುದು ಹರಾಜಿನ ಮೇಜು. 2023ರಲ್ಲಿ ಶಿವಮೊಗ್ಗ ಅಭಿನವ್ ಮನೋಹರ್‌ಗೆ 15 ಲಕ್ಷ ರೂಪಾಯಿ ಸುರಿಯಿತು. ರಾಹುಲ್ ದ್ರಾವಿಡ್ ಮಗ ಸಮಿತ್ 2024ರಲ್ಲಿ 50 ಸಾವಿರಕ್ಕೆ ಮೈಸೂರು ಪಾಲಾದರು. ಆ ವರ್ಷ ಕರುಣ್ ನಾಯರ್ ನಾಯಕತ್ವದ ಮೈಸೂರೇ ಗೆದ್ದಿತು, ಫೈನಲ್‌ನಲ್ಲಿ 45 ರನ್‌ಗಳ ಅಂತರದಿಂದ. ರಾಷ್ಟ್ರೀಯ ತಂಡದಿಂದ ದೂರವಾಗಿದ್ದ ಕರುಣ್ ಇಲ್ಲಿ ರನ್ ಗುಡ್ಡೆ ಹಾಕಿ, ಆಮೇಲೆ ವಿದರ್ಭಕ್ಕೂ ಹಾಗೆಯೇ ಆಡಿ, 2025ರಲ್ಲಿ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಇಂಥ ಲೀಗು ಯಾಕೆ ಬೇಕು ಎನ್ನುವವರಿಗೆ ನಾನು ಕೊಡುವ ಉತ್ತರ ಇದೊಂದೇ.

ರೋಮಾಂಚನಕ್ಕೂ ಕೊರತೆಯಿಲ್ಲ. 2024ರ ಆಗಸ್ಟ್ 23ರಂದು ಹುಬ್ಬಳ್ಳಿ, ಬೆಂಗಳೂರು ಎರಡೂ 164ಕ್ಕೆ ನಿಂತವು. ಸೂಪರ್ ಓವರ್ ಆಡಿಸಿದರು, ಸಮ. ಇನ್ನೊಂದು ಆಡಿಸಿದರು, ಅದೂ ಸಮ. ಮೂರನೆಯದರಲ್ಲಿ ಹುಬ್ಬಳ್ಳಿ ಗೆದ್ದಿತು.

2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಬಲಿಯಾದರು. ಹಾಗಾಗಿ ಆ ವರ್ಷದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಅಲ್ಲೂ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮಳೆ ಕಾಡಿದ ಫೈನಲ್‌ನಲ್ಲಿ ಮಂಗಳೂರು ಡ್ರ್ಯಾಗನ್ಸ್, ಹುಬ್ಬಳ್ಳಿಯನ್ನು ವಿಜೆಡಿ ಲೆಕ್ಕದಂತೆ 14 ರನ್‌ಗಳಿಂದ ಸೋಲಿಸಿತು. ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ಲೆಕ್ಕವದು.

2025ರವರೆಗಿನ ನಾಲ್ಕು ವರ್ಷಕ್ಕೆ ನಾಲ್ವರು ಚಾಂಪಿಯನ್ನರು, ಲೀಗು ಆರೋಗ್ಯವಾಗಿದೆ ಅನ್ನಬೇಕು. ಆದರೆ ಈ ನಾಲ್ಕೂ ವರ್ಷ ಪಂದ್ಯ ನಡೆದದ್ದು ಬೆಂಗಳೂರು ಮತ್ತು ಮೈಸೂರಿನಲ್ಲಿ ಮಾತ್ರ. ಯಾದಗಿರಿಯ ಹುಡುಗ ತನ್ನ ಸೀಮೆಯ ತಂಡವನ್ನು ಕಣ್ಣಾರೆ ನೋಡಬೇಕೆಂದರೆ ರಾತ್ರಿಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಬೇಕು. ಹಳೇ ಕೆಪಿಎಲ್ ಹುಬ್ಬಳ್ಳಿಯವರೆಗಾದರೂ ಬರುತ್ತಿತ್ತು. ಕ್ರಿಕೆಟ್ ಸಂಸ್ಥೆಯವರು ಕಲಬುರಗಿಯಲ್ಲಿ ತಕ್ಕ ಮೈದಾನ ಸಜ್ಜು ಮಾಡಿ, ಮಿಸ್ಟಿಕ್ಸ್ ತಂಡದ ಎರಡು ಪಂದ್ಯಗಳನ್ನಾದರೂ ಇಲ್ಲಿ ಆಡಿಸಲಿ.