ನೌಕರರ ಜ್ಞಾನ, ಕೌಶಲ ಮತ್ತು ನಾವೀನ್ಯ

ಉದ್ಯಮವೊಂದರಲ್ಲಿ ದುಡಿಯುವವರು ಓದು, ತರಬೇತಿ ಹಾಗೂ ಅನುಭವಗಳಿಂದ ಪಡೆದ ತಿಳಿವಳಿಕೆಯು ಹೊಸ ಉತ್ಪನ್ನ ಮತ್ತು ಹೊಸ ಕಾರ್ಯವಿಧಾನಗಳ ಮುಖ್ಯ ಆಧಾರವಾಗಿದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಪ್ರದೇಶದಲ್ಲಿ ನಡೆಯುವ ವರ್ಜೀನಿಯಾ ತಂಬಾಕಿನ ಹದಗೊಳಿಸುವಿಕೆ ಇದಕ್ಕೊಂದು ನಿದರ್ಶನ.

ಜ್ಞಾನದ ಬಗೆಗಳು

ಬರೆದಿಡಬಹುದಾದ ಸೂತ್ರ, ಅಳತೆ, ಕೈಪಿಡಿಗಳು ವ್ಯಕ್ತ ಜ್ಞಾನ. ಕಣ್ಣು, ಕೈ, ಮೂಗುಗಳ ಅಭ್ಯಾಸದಿಂದ ಬಂದು ಮಾತಿಗೆ ಸುಲಭವಾಗಿ ಸಿಗದಿರುವುದು ಅವ್ಯಕ್ತ ಜ್ಞಾನ. ಈ ಎರಡನೆಯದನ್ನು ಚಿಂತಕ ಮೈಕೆಲ್ ಪೊಲಾನಿ ವಿವೇಚಿಸಿದರು. ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ಟಕೆಯುಚಿ 1995ರ ತಮ್ಮ ಗ್ರಂಥದಲ್ಲಿ, ಅವ್ಯಕ್ತ ಜ್ಞಾನವು ವ್ಯಕ್ತವಾಗಿ ಇತರರಿಗೆ ಹರಡಿದಾಗ ಸಂಸ್ಥೆಗಳಲ್ಲಿ ನಾವೀನ್ಯ ಮೂಡುತ್ತದೆ ಎಂದು ಪ್ರತಿಪಾದಿಸಿದರು.

ಹೊಂಬಣ್ಣದ ಎಲೆಯ ಮೂಲ

1839ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ಅಬೈಷಾ ಸ್ಲೇಡ್ ಎಂಬ ಜಮೀನುದಾರನ ಗುಲಾಮನಾಗಿದ್ದ ಸ್ಟೀಫನ್ ತಂಬಾಕು ಹದಗೊಳಿಸುವ ಬೆಂಕಿಯನ್ನು ಕಾಯುತ್ತ ನಿದ್ರೆ ಹೋದನೆಂದೂ, ಆರುತ್ತಿದ್ದ ಬೆಂಕಿಗೆ ಕಮ್ಮಾರಸಾಲೆಯ ಇದ್ದಿಲು ಸೇರಿಸಿದಾಗ ಎಲೆ ಹೊಳಪಿನ ಹಳದಿ ಬಣ್ಣ ತಳೆಯಿತೆಂದೂ ಪ್ರಸಿದ್ಧಿಯಿದೆ. ಸ್ಟೀಫನ್ ಕಮ್ಮಾರಿಕೆ ಬಲ್ಲವನಾಗಿದ್ದುದರಿಂದ ಇದ್ದಿಲಿನ ಗುಣ ಅವನಿಗೆ ತಿಳಿದಿತ್ತು. ಒಂದು ಕಸುಬಿನ ಅರಿವು ಮತ್ತೊಂದಕ್ಕೆ ಒದಗಿತು. ಲಾಭ ಮಾತ್ರ ಒಡೆಯನ ಪಾಲಾಯಿತು. ಮುಂದೆ ಹೊಗೆ ಎಲೆಗೆ ತಾಗದಂತೆ ಲೋಹದ ಕೊಳವೆಗಳ ಮೂಲಕ ಶಾಖ ಹಾಯಿಸುವ ಕ್ರಮ ಬಳಕೆಗೆ ಬಂದಿತು.

ಹುಣಸೂರು ಪ್ರದೇಶದ ಅನುಭವ

ಇಲ್ಲಿ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ಹದಗೊಳಿಸುತ್ತಾರೆ. ಮೊದಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಲೆ ಹಳದಿಯಾಗಬೇಕು; ಬಳಿಕ ಶಾಖವನ್ನು ಹಂತಹಂತವಾಗಿ ಏರಿಸಿ ಬಣ್ಣವನ್ನು ನಿಲ್ಲಿಸಿ, ಎಲೆಯನ್ನೂ ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುನರವನ್ನೂ ಒಣಗಿಸಬೇಕು. ಅವಸರಿಸಿದರೆ ಹಸಿರು ಉಳಿಯುತ್ತದೆ, ತೇವ ಹೆಚ್ಚಾದರೆ ಎಲೆ ಕಂದುತ್ತದೆ, ನರ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಉಷ್ಣಮಾಪಕ ಅಂಕಿಯನ್ನು ತೋರಿಸುತ್ತದೆ. ಮಳೆಗಾಲದ ಎಲೆಗೂ ಬಿಸಿಲಿನ ಎಲೆಗೂ ಇರುವ ವ್ಯತ್ಯಾಸವನ್ನು ಅರಿಯುವವನು ಬೆಂಕಿ ಕಾಯುವವನೇ. ಹರಾಜಿನಲ್ಲಿ ಬೆಲೆಯು ಎಲೆಯ ದರ್ಜೆಯನ್ನು ಅವಲಂಬಿಸಿರುವುದರಿಂದ, ಒಂದು ರಾತ್ರಿಯ ಅಲಕ್ಷ್ಯವು ಕುಟುಂಬವೊಂದರ ವರ್ಷದ ಆದಾಯವನ್ನು ಕುಗ್ಗಿಸಬಲ್ಲದು.

ಸಂಸ್ಥೆಗಳ ಪಾತ್ರ

1975ರ ಕಾಯಿದೆಯನ್ವಯ 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು ಕಟ್ಟೆಮಳಲವಾಡಿ, ಕಂಪಲಾಪುರ ಮೊದಲಾದೆಡೆ ಹರಾಜು ಮಾರುಕಟ್ಟೆಗಳನ್ನು ನಡೆಸುತ್ತದೆ. ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರವೂ ಹುಣಸೂರಿನಲ್ಲಿ ಕಾರ್ಯನಿರ್ವಹಿಸಿದೆ. ಸೌದೆ ಉಳಿಸುವ ಸುಧಾರಿತ ಒಲೆ, ಚಾವಣಿಯ ಶಾಖನಿರೋಧಕ ಹೊದಿಕೆಗಳಂತಹ ಸುಧಾರಣೆಗಳು ಫಲಿಸಬೇಕಾದರೆ ಬೆಂಕಿ ಹಾಕುವವನ ರೂಢಿಯೂ ಬದಲಾಗಬೇಕು. ಅವನ ಅನುಭವ ವಿನ್ಯಾಸಕಾರನಿಗೆ ತಲುಪಿದರೆ ಮಾತ್ರ ಮುಂದಿನ ಸುಧಾರಣೆ ಸಾಧ್ಯ.

ಮಿತಿಗಳು

ಅವ್ಯಕ್ತ ಜ್ಞಾನವು ವ್ಯಕ್ತಿಯೊಡನೆಯೇ ಅಳಿಯಬಲ್ಲದು. ಹಳೆಯ ರೂಢಿ ಕೆಲವೊಮ್ಮೆ ಹೊಸತಿಗೆ ಅಡ್ಡಿಯಾಗುವುದೂ ಉಂಟು. ಕೌಶಲದ ಹಿರಿಮೆಯು ಉತ್ಪನ್ನದ ಹಾನಿಯನ್ನು ಅಳಿಸಲಾರದು: ಒದ್ದೆಯಾದ ಹಸಿ ಎಲೆಯನ್ನು ಮುಟ್ಟುವ ಕಾರ್ಮಿಕರ ಚರ್ಮದ ಮೂಲಕ ನಿಕೋಟಿನ್ ದೇಹ ಸೇರಿ ವಾಕರಿಕೆ, ತಲೆಸುತ್ತು ಉಂಟುಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಭಾರತ 2004ರಲ್ಲಿ ಅನುಮೋದಿಸಿದ್ದು, ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸುವುದೂ ಅದರ ಆಶಯಗಳಲ್ಲೊಂದು. ಶಾಖ ಮತ್ತು ತೇವವನ್ನು ನಿಯಂತ್ರಿಸುವ ಈ ಜನರ ಪರಿಣತಿ ಬೇರೆ ಬೆಳೆಗಳ ಸಂಸ್ಕರಣೆಗೂ ಒದಗಬಲ್ಲದು; ಅದಕ್ಕೆ ಅದನ್ನು ಗುರುತಿಸಿ, ದಾಖಲಿಸಿ, ತಕ್ಕ ಪ್ರತಿಫಲ ನೀಡುವುದು ಅಗತ್ಯ.