ಎಳೆಯರ ಅಪರಾಧವೂ ದಂಡನೆಯ ಅಳತೆಯೂ
(ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನೆಲದಲ್ಲಿ ಒಂದು ಐತಿಹಾಸಿಕ ವಿವೇಚನೆ)

೧

ನೆರೆಮನೆಯ ಹದಿಹರೆಯದ ಹುಡುಗನೊಬ್ಬನನ್ನು ಕೊಲೆಯಂತಹ ಘೋರ ಅಪರಾಧದ ಆರೋಪದ ಮೇಲೆ ಪೋಲೀಸರು ಕರೆದೊಯ್ದರೆಂದು ಭಾವಿಸೋಣ. ಊರ ಕಟ್ಟೆಯ ಮೇಲೆ ಆ ದಿನವೇ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ತಿರುಗಿಸಿ ಹಿಡಿದು, ಈ ವಯಸ್ಸಿಗೇ ಹೀಗೆ ಮಾಡಿದವನು ಮುಂದೆ ಏನಾದಾನು ಎಂದು ಒಂದು ಪಕ್ಷ ಕೇಳುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬುದನ್ನು ಮುಂದೊಡ್ಡಿ, ಬಗ್ಗಿಸುವ ಕಾಲವಿನ್ನೂ ಮೀರಿಲ್ಲವೆಂದು ಇನ್ನೊಂದು ಪಕ್ಷ ವಾದಿಸುತ್ತದೆ. ಸತ್ತವನ ಮನೆಯೂ ಅದೇ ಓಣಿಯಲ್ಲಿರುವುದುಂಟು. ಅಲ್ಲಿಂದ ಬರುವ ಪ್ರಶ್ನೆಗೆ ಯಾವ ಗಾದೆಯೂ ಉತ್ತರವಾಗಲಾರದು.

ಇಂತಹ ವಾಗ್ವಾದದಲ್ಲಿ ಮೂರು ಪ್ರಶ್ನೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಹುಡುಗನು ಆ ಕೃತ್ಯವನ್ನು ಮಾಡಿದನೆ? ಮಾಡುವಾಗ ಅದರ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ಬಲಿತಿದ್ದನೆ? ಇವೆರಡೂ ಹೌದಾದರೆ, ಅವನಿಗೆ ಸಲ್ಲತಕ್ಕ ದಂಡನೆ ಯಾವುದು, ಎಷ್ಟು? ಮೊದಲನೆಯದು ಸಾಕ್ಷ್ಯಕ್ಕೆ ಸಂಬಂಧಿಸಿದುದು. ಎರಡನೆಯದು ಬುದ್ಧಿಯ ಪರಿಪಾಕಕ್ಕೆ. ಮೂರನೆಯದು ನ್ಯಾಯದ ಅಳತೆಗೆ. ಇಂದು ಹಾವೇರಿ ಜಿಲ್ಲೆಗೆ ಸೇರಿದ ಮೇಲ್ಕಂಡ ನಾಲ್ಕು ತಾಲೂಕುಗಳಲ್ಲಿ ಈ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವು ಒಂದರ ಮಗ್ಗುಲಿಗೊಂದು ಇರುವ ಸೀಮೆಗಳು. ಆದರೆ ಇವುಗಳನ್ನು ಆಳಿದ ಕಾಯಿದೆಗಳು ಎಂದೂ ಒಂದೇ ಆಗಿ ಉಳಿಯಲಿಲ್ಲ. ನಮ್ಮ ಓದುಗರಿಗೆ ವಿಷಯವು ದೂರದ್ದೂ ಅಲ್ಲ; ಇಂದಿನ ಕಾಯಿದೆಯು ಸಂದಿಗ್ಧವೆಂದು ಎಣಿಸಿರುವ ೧೬ರಿಂದ ೧೮ರ ವಯಸ್ಸು ನಮ್ಮ ಪದವಿಪೂರ್ವ ತರಗತಿಗಳಲ್ಲಿ ಕುಳಿತಿರುವವರ ವಯಸ್ಸೇ ಆಗಿದೆ.

೨

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹಾನಗಲ್ಲು ಪಾನುಂಗಲ್ಲು ಐನೂರರ ಮುಖ್ಯಸ್ಥಾನವಾಗಿದ್ದಿತು. ಚಾಲುಕ್ಯರ ಸಾಮಂತರಾದ ಕದಂಬರ ಒಂದು ಶಾಖೆ ಅಲ್ಲಿ ಆಳುತ್ತಿತ್ತು. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರ ಪ್ರಾಯಶ್ಚಿತ್ತ ಭಾಗದಲ್ಲಿ ಹಳೆಯ ಸ್ಮೃತಿವಚನಗಳನ್ನು ಎತ್ತಿಕೊಂಡು ಬಾಲ್ಯಕ್ಕೆ ಮೆಟ್ಟಿಲುಗಳನ್ನು ಹೇಳಿದೆ. ಐದು ವರ್ಷ ದಾಟದ ಶಿಶುವಿಗೆ ಅಪರಾಧವೂ ಇಲ್ಲ, ಪಾತಕವೂ ಇಲ್ಲ, ರಾಜದಂಡವೂ ಇಲ್ಲ. ಐದು ದಾಟಿ ಹನ್ನೊಂದು ತುಂಬದವನ ಪರವಾಗಿ ಗುರುವೋ ಆಪ್ತನೋ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಹದಿನಾರು ತುಂಬದವನಿಗೆ ಅರ್ಧ ಪ್ರಾಯಶ್ಚಿತ್ತ. ನಾರದ ಸ್ಮೃತಿಯೂ ಎಂಟರವರೆಗಿನ ಮಗುವನ್ನು ಗರ್ಭಸ್ಥ ಶಿಶುವಿಗೆ ಸಮನೆಂದೆಣಿಸಿ, ಹದಿನಾರರ ಮೇಲೆ ವ್ಯವಹಾರವನ್ನರಿತವನೆಂದು ಹೇಳುತ್ತದೆ.

ಇಲ್ಲಿ ಎಚ್ಚರಿಕೆ ಅವಶ್ಯ. ಸ್ಮೃತಿಯು ಆದರ್ಶವನ್ನು ಹೇಳುವ ಗ್ರಂಥವೇ ಹೊರತು ನ್ಯಾಯಸ್ಥಾನದ ಕಡತವಲ್ಲ. ‘ಅರ್ಧ’ವೆಂದುದು ಪ್ರಾಯಶ್ಚಿತ್ತಕ್ಕೆ, ರಾಜನು ವಿಧಿಸುವ ದಂಡಕ್ಕಲ್ಲ. ಆದರೂ ಎರಡು ಅಂಶಗಳು ಗಮನಾರ್ಹವಾಗಿವೆ. ಒಂದು, ಹೊಣೆಯು ಒಂದು ದಿನದಲ್ಲಿ ಹುಟ್ಟದೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆಂಬ ಭಾವನೆ. ಇನ್ನೊಂದು, ಎಳೆಯನ ತಪ್ಪಿನಲ್ಲಿ ಅವನನ್ನು ಬೆಳೆಸಿದವರಿಗೂ ಪಾಲುಂಟೆಂಬ ಭಾವನೆ.

೩

೧೮೧೮ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಈ ಸೀಮೆ ಇಂಗ್ಲಿಷರ ಕೈಸೇರಿತು. ಹಾನಗಲ್ಲ ತಾಲೂಕು, ಶಿಗ್ಗಾಂವಿಯಲ್ಲಿ ಕಚೇರಿಯಿದ್ದ ಬಂಕಾಪುರ ತಾಲೂಕು, ಹಿರೇಕೆರೂರಿನಲ್ಲಿ ಕಚೇರಿಯಿದ್ದ ಕೋಡ ತಾಲೂಕು ಇವು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದವು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿ ೧೯೪೮ರವರೆಗೂ ಉಳಿಯಿತು. ಮುಂಬಯಿ ವಿಧಾನಮಂಡಲದ ಕಾಯಿದೆ ಸವಣೂರಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಹೀಗಾಗಿ ಶಿಗ್ಗಾಂವಿಯ ಹುಡುಗನೂ ನೆರೆಯ ಸವಣೂರಿನ ಹುಡುಗನೂ ಒಂದೇ ತಪ್ಪನ್ನು ಒಂದೇ ವಯಸ್ಸಿನಲ್ಲಿ ಮಾಡಿದರೂ ಬೇರೆ ಬೇರೆ ಪ್ರಭುತ್ವಗಳ ಮುಂದೆ ನಿಲ್ಲಬೇಕಾಗಿದ್ದಿತು.

೧೮೬೦ರ ಭಾರತೀಯ ದಂಡಸಂಹಿತೆಯು ಏಳು ವರ್ಷ ತುಂಬದ ಮಗುವಿನ ಕೃತ್ಯ ಅಪರಾಧವಲ್ಲವೆಂದಿತು (ಕಲಮು ೮೨). ಏಳರಿಂದ ಹನ್ನೆರಡರೊಳಗಿನವನ ವಿಷಯದಲ್ಲಿ, ತನ್ನ ನಡತೆಯ ಸ್ವರೂಪವನ್ನೂ ಪರಿಣಾಮವನ್ನೂ ಅಳೆಯುವಷ್ಟು ಬುದ್ಧಿ ಬಲಿತಿತ್ತೆ ಎಂದು ವಿಚಾರಿಸಬೇಕೆಂದಿತು (ಕಲಮು ೮೩). ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಈ ಎರಡನ್ನೂ ೨೦, ೨೧ನೆಯ ಕಲಮುಗಳಾಗಿ ಉಳಿಸಿಕೊಂಡಿದೆ. ಹನ್ನೆರಡು ತುಂಬಿದವನು ಹೊಣೆಗಾರಿಕೆಯ ಮಟ್ಟಿಗೆ ದಂಡಸಂಹಿತೆಯ ದೃಷ್ಟಿಯಲ್ಲಿ ದೊಡ್ಡವನೇ. ಅವನಿಗೆ ದೊರೆಯಬಹುದಾದ ವಿನಾಯಿತಿಯೆಲ್ಲವೂ ದಂಡನೆಯ ಬಗೆಯಲ್ಲಿಯೇ ದೊರೆಯಬೇಕಾಗಿದ್ದಿತು.

ಆ ವಿನಾಯಿತಿ ನಿಧಾನವಾಗಿ ಬಂದಿತು. ೧೮೫೭ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಸೂನರ ಹೆಸರಿನ ಸುಧಾರಣಾ ಸಂಸ್ಥೆ ಆರಂಭವಾಯಿತು. ೧೮೭೬ರ, ಅನಂತರ ೧೮೯೭ರ ಸುಧಾರಣಾ ಶಾಲೆಗಳ ಕಾಯಿದೆಗಳು ಬಂದವು. ಎರಡನೆಯದರ ಮೇರೆಗೆ ಹದಿನೈದು ತುಂಬದ ಹುಡುಗನನ್ನು ಸೆರೆಮನೆಗೆ ಬದಲಾಗಿ ಮೂರರಿಂದ ಏಳು ವರ್ಷ ಸುಧಾರಣಾ ಶಾಲೆಯಲ್ಲಿಡಬಹುದಾಗಿತ್ತು. ೧೯೧೯–೨೦ರ ಸೆರೆಮನೆಗಳ ಸಮಿತಿಯು ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯಗಳು ಬೇಕೆಂದಿತು. ಮದರಾಸು ೧೯೨೦ರಲ್ಲಿ, ಬಂಗಾಲ ೧೯೨೨ರಲ್ಲಿ, ಮುಂಬಯಿ ೧೯೨೪ರಲ್ಲಿ ಮಕ್ಕಳ ಕಾಯಿದೆಗಳನ್ನು ಮಾಡಿದವು. ೧೬ರಿಂದ ೨೧ರ ವಯಸ್ಸಿನವರಿಗಾಗಿ ೧೯೨೯ರ ಮುಂಬಯಿ ಬೋರ್ಸ್ಟಲ್ ಶಾಲೆಗಳ ಕಾಯಿದೆ ಬಂದಿತು. ಬೋರ್ಸ್ಟಲ್ ಶಾಲೆಯೊಂದು ನಮ್ಮ ಧಾರವಾಡದಲ್ಲಿಯೇ ಇದ್ದಿತು. ಹಳೆಯ ಕೈದಿಗಳ ಸಹವಾಸದಿಂದ ಎಳೆಯರನ್ನು ಬೇರ್ಪಡಿಸಿ ಕೈಕಸಬು ಕಲಿಸುವುದು ಇದರ ತತ್ತ್ವ.

ಇದೇ ಕಾಲದಲ್ಲಿ ಇದೇ ಸರಕಾರವು ಇನ್ನೊಂದು ದಾರಿಯನ್ನೂ ಹಿಡಿದಿತ್ತೆಂಬುದನ್ನು ಮರೆಯಲಾಗದು. ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಸಂಶಯಕ್ಕೆ ಗುರಿಪಡಿಸಿತು. ೧೯೧೧ರ ರೂಪದಲ್ಲಿ ಅದು ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸುವ ಅಧಿಕಾರವನ್ನೂ ಸರಕಾರಕ್ಕೆ ಕೊಟ್ಟಿತು. ಹುಬ್ಬಳ್ಳಿಯಲ್ಲಿ ಇಂತಹ ವಸತಿಯಿದ್ದಿತು. ಒಂದು ಕಾಯಿದೆ ತಪ್ಪು ಮಾಡಿದ ಮಗುವೂ ತಿದ್ದಿಕೊಳ್ಳಬಲ್ಲದೆಂದು ನಂಬಿದರೆ, ಇನ್ನೊಂದು ತಪ್ಪು ಮಾಡದ ಮಗುವನ್ನೂ ನಂಬಲಿಲ್ಲ. ೧೯೫೨ರಲ್ಲಿ ಅದು ದೇಶದಾದ್ಯಂತ ರದ್ದಾಯಿತು. ಮಗುವನ್ನು ಅದರ ಕೃತ್ಯದಿಂದಲ್ಲದೆ ಅದರ ಮನೆತನದಿಂದ ಅಳೆಯುವ ಅಭ್ಯಾಸ ಮಾತ್ರ ಊರ ಕಟ್ಟೆಗಳಿಂದ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

೪

ಸ್ವಾತಂತ್ರ್ಯಾನಂತರ ಗೆರೆಗಳು ಬೇಗಬೇಗನೆ ಬದಲಾದವು. ೧೯೪೮ರಲ್ಲಿ ಮುಂಬಯಿಗೆ ಹೊಸ ಮಕ್ಕಳ ಕಾಯಿದೆ ಬಂದಿತು. ಅದೇ ವರ್ಷ ಸವಣೂರು ವಿಲೀನವಾಯಿತು. ೧೯೫೬ರ ನವೆಂಬರ ೧ರಂದು ನಾಲ್ಕೂ ತಾಲೂಕುಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು; ೧೯೬೪ರಲ್ಲಿ ಆ ರಾಜ್ಯವು ತನ್ನದೇ ಮಕ್ಕಳ ಕಾಯಿದೆಯನ್ನು ಮಾಡಿತು. ರಾಜ್ಯರಾಜ್ಯಕ್ಕೆ ಕಾಯಿದೆ ಬೇರೆಯಾಗಿ ನಡೆದ ಈ ಸ್ಥಿತಿಗೆ ಕೊನೆ ಹಾಡಿದುದು ೧೯೮೬ರ ಬಾಲನ್ಯಾಯ ಕಾಯಿದೆ. ಅದು ಹುಡುಗರಿಗೆ ೧೬, ಹುಡುಗಿಯರಿಗೆ ೧೮ ಎಂಬ ಗೆರೆಯನ್ನೆಳೆಯಿತು. ೨೦೦೦ದ ಕಾಯಿದೆಯು ೨೦೦೧ರ ಏಪ್ರಿಲ್ ೧ರಿಂದ ಇಬ್ಬರಿಗೂ ೧೮ ಎಂದಿತು. ಬಂಧನದ ದಿನವಾಗಲಿ ನ್ಯಾಯಾಲಯಕ್ಕೆ ತಂದ ದಿನವಾಗಲಿ ಅಲ್ಲ, ಕೃತ್ಯ ನಡೆದ ದಿನದ ವಯಸ್ಸನ್ನೇ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೦೫ರಲ್ಲಿ ಪ್ರತಾಪ ಸಿಂಗ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

೨೦೧೨ರ ಡಿಸೆಂಬರದಲ್ಲಿ ದೆಹಲಿಯಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆ ಇಡೀ ದೇಶವನ್ನು ಕಲಕಿತು. ಆರು ಜನ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳು ಉಳಿದಿದ್ದವು. ಅವನಿಗೆ ೨೦೧೩ರ ಆಗಸ್ಟ್‌ನಲ್ಲಿ ಕಾಯಿದೆಯ ಪರಮಾವಧಿಯಾದ ಮೂರು ವರ್ಷಗಳ ವಾಸವನ್ನು ವಿಧಿಸಲಾಯಿತು. ೨೦೧೫ರ ಡಿಸೆಂಬರದಲ್ಲಿ ಬಿಡುಗಡೆಯಾಯಿತು. ವಯಸ್ಕರಲ್ಲಿ ನಾಲ್ವರನ್ನು ೨೦೨೦ರ ಮಾರ್ಚ್ ೨೦ರಂದು ಗಲ್ಲಿಗೇರಿಸಲಾಯಿತು. ವಯಸ್ಸನ್ನು ಇಳಿಸಬೇಕೆಂಬ ಬೇಡಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಸಲಿಲ್ ಬಾಲಿ ಮೊಕದ್ದಮೆಯಲ್ಲಿ ಒಪ್ಪಲಿಲ್ಲ. ಸಂಸತ್ತು ಬೇರೆ ಮಾರ್ಗವನ್ನು ಹಿಡಿಯಿತು. ೨೦೧೬ರ ಜನವರಿ ೧೫ರಂದು ಜಾರಿಗೆ ಬಂದ ೨೦೧೫ರ ಕಾಯಿದೆಯು ೧೮ರ ಗೆರೆಯನ್ನು ಉಳಿಸಿಕೊಂಡೇ ೧೬ರಲ್ಲಿ ಇನ್ನೊಂದು ಗೆರೆಯನ್ನೆಳೆಯಿತು.

ಒಂದು ಉದಾಹರಣೆಯಿಂದ ಇದು ತಿಳಿಯಾದೀತು. ಹಿರೇಕೆರೂರು ತಾಲೂಕಿನ ಹಳ್ಳಿಯೊಂದರಲ್ಲಿ ಹದಿನಾರೂವರೆ ವರ್ಷದ ಹುಡುಗನ ಮೇಲೆ ಕೊಲೆಯ ಆರೋಪ ಬಂದಿತೆನ್ನೋಣ. ೧೯೯೦ರಲ್ಲಾದರೆ ಅವನು ವಯಸ್ಕ. ಅವನ ವಿಚಾರಣೆ ಸೆಶನ್ಸ್ ನ್ಯಾಯಾಲಯದಲ್ಲಿ. ೨೦೦೫ರಲ್ಲಾದರೆ ಅವನು ಬಾಲಕ. ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ೨೦೧೭ರಲ್ಲಾದರೆ ಅವನು ಬಾಲಕನೂ ಹೌದು, ವಯಸ್ಕನಂತೆ ವಿಚಾರಣೆಗೆ ಒಳಗಾಗಬಹುದಾದವನೂ ಹೌದು. ಹುಡುಗ ಅವನೇ, ಊರು ಅದೇ, ಕೃತ್ಯವೂ ಅದೇ; ಬದಲಾದುದು ಗೆರೆ ಮಾತ್ರ. ೨೦೦೦ದ ಕಾಯಿದೆಯ ರಕ್ಷಣೆ ಹಿಂದಿನ ಕೃತ್ಯಗಳಿಗೂ ಸಲ್ಲುತ್ತದೆಂದು ೨೦೦೯ರಲ್ಲಿ ಹರಿರಾಮ್ ಮೊಕದ್ದಮೆಯಲ್ಲಿ ತೀರ್ಪಾದುದರಿಂದ, ೧೯೯೦ರ ‘ವಯಸ್ಕ’ನೇ ಎಷ್ಟೋ ವರ್ಷಗಳ ಮೇಲೆ ‘ಬಾಲಕ’ನೆನಿಸಿಕೊಳ್ಳುವ ಸಂಭವವೂ ಉಂಟಾಯಿತು.

೫

ಇಂದಿನ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಹುಡುಗನನ್ನು ಪೋಲೀಸ್ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು. ೨೪ ಗಂಟೆಗಳೊಳಗಾಗಿ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಕಾರ್ಯಕರ್ತರೂ ಇರುತ್ತಾರೆ; ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯುಳ್ಳ ಅಪರಾಧವು ‘ಹೀನ’ ಅಪರಾಧ. ಅದರ ಆರೋಪ ಹೊತ್ತವನು ೧೬ ತುಂಬಿದವನಾದರೆ ಮಂಡಳಿಯು ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ: ಕೃತ್ಯವೆಸಗಲು ಅವನಿಗಿದ್ದ ದೈಹಿಕ ಮತ್ತು ಮಾನಸಿಕ ಸಾಮರ್ಥ್ಯವೆಷ್ಟು, ಪರಿಣಾಮವನ್ನು ಅರಿಯುವ ಶಕ್ತಿಯೆಷ್ಟು, ಯಾವ ಸನ್ನಿವೇಶದಲ್ಲಿ ಅದು ನಡೆದಿದೆಯೆಂದು ಹೇಳಲಾಗಿದೆ. ಇದು ವಿಚಾರಣೆಯಲ್ಲವೆಂದು ಕಾಯಿದೆಯೇ ಹೇಳುತ್ತದೆ. ಅನಂತರ ಮೊಕದ್ದಮೆಯು ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಶಿಕ್ಷೆಯಾದರೂ ೨೧ ತುಂಬುವವರೆಗೆ ಸುರಕ್ಷತಾ ಸ್ಥಳದಲ್ಲಿಟ್ಟು, ಬಳಿಕ ಅವನು ತಿದ್ದಿಕೊಂಡಿರುವನೇ ಎಂದು ಪರಿಶೀಲಿಸಿ, ಬಿಡುಗಡೆಯನ್ನೋ ಉಳಿದ ಅವಧಿಗೆ ಸೆರೆಮನೆಯನ್ನೋ ನಿರ್ಣಯಿಸಬೇಕು. ಮರಣದಂಡನೆಯಾಗಲಿ, ಬಿಡುಗಡೆಯ ಆಸೆಯೇ ಇಲ್ಲದ ಆಜೀವ ಸೆರೆಯಾಗಲಿ ಕೂಡದು.

ಕನಿಷ್ಠ ಶಿಕ್ಷೆಯನ್ನು ಹೇಳದ ಅಪರಾಧವು ಗರಿಷ್ಠ ಶಿಕ್ಷೆ ಎಷ್ಟಿದ್ದರೂ ‘ಹೀನ’ವೆನಿಸದೆಂದು ೨೦೨೦ರಲ್ಲಿ ಶಿಲ್ಪಾ ಮಿತ್ತಲ್ ಮೊಕದ್ದಮೆಯಲ್ಲಿ ತೀರ್ಪಾಯಿತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಬಲ್ಲವರಿಲ್ಲದಿದ್ದರೆ ತಜ್ಞರ ನೆರವನ್ನು ಪಡೆಯಲೇಬೇಕೆಂದು ೨೦೨೨ರಲ್ಲಿ ಬರುಣ್ ಚಂದ್ರ ಠಾಕೂರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಈ ವ್ಯವಸ್ಥೆಯ ಮೇಲೆ ಎರಡೂ ಕಡೆಯಿಂದ ಆಕ್ಷೇಪಗಳಿವೆ. ನೊಂದವರ ಆಕ್ಷೇಪವನ್ನು ಲಘುವಾಗಿ ಕಾಣುವುದು ಸರಿಯಲ್ಲ. ಹೋದ ಜೀವಕ್ಕೆ ಮೂರು ವರ್ಷವೆಂದರೆ ಆ ಜೀವದ ಬೆಲೆ ಅಷ್ಟೇ ಎಂದು ಸಾರಿದಂತಾಗುವುದೆಂಬ ಅವರ ಮಾತಿನಲ್ಲಿ ಸತ್ಯಾಂಶವಿದೆ. ದಂಡನೆಯು ಅಪರಾಧಿಯನ್ನು ತಿದ್ದುವುದರ ಜೊತೆಗೆ ಅನ್ಯಾಯವನ್ನು ಅನ್ಯಾಯವೆಂದು ಸಾರುವ ಕೆಲಸವನ್ನೂ ಮಾಡಬೇಕು. ಎದುರು ಪಕ್ಷದವರು ಹೇಳುವುದಿಷ್ಟು: ಹದಿನಾರರ ಹುಡುಗನಿಗೆ ಕೊಲೆ ತಪ್ಪೆಂಬ ಅರಿವಿದೆ, ಆದರೆ ಅರಿವು ಬೇರೆ, ತನ್ನನ್ನು ತಡೆದುಕೊಳ್ಳುವ ಶಕ್ತಿ ಬೇರೆ. ಗೆಳೆಯರ ಗುಂಪಿನಲ್ಲಿ, ಸಿಟ್ಟಿನ ಗಳಿಗೆಯಲ್ಲಿ ಆ ಎರಡನೆಯ ಶಕ್ತಿ ಕೊನೆಗೆ ಬಲಿಯುತ್ತದೆ. ಎಳೆಯರಿಗೆ ಮರಣದಂಡನೆ ಸಲ್ಲದೆಂದು ೨೦೦೫ರಲ್ಲಿ ರೋಪರ್ ಮೊಕದ್ದಮೆಯಲ್ಲಿ ತೀರ್ಪಿತ್ತ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವೂ ಅಪಕ್ವತೆ, ಸಹವಾಸದ ಒತ್ತಡ, ಇನ್ನೂ ರೂಪುಗೊಳ್ಳುತ್ತಿರುವ ಸ್ವಭಾವ ಎಂಬ ಮೂರು ಕಾರಣಗಳನ್ನೇ ಆಧರಿಸಿತು. ನಮ್ಮ ಕಾಯಿದೆಯ ಮೌಲ್ಯಮಾಪನವು ಸಾಮರ್ಥ್ಯ ಮತ್ತು ಅರಿವುಗಳನ್ನು ಹೆಸರಿಸಿ ಕೇಳುತ್ತದೆ. ತಡೆಯುವ ಶಕ್ತಿಯನ್ನು ಹೆಸರಿಸುವುದಿಲ್ಲ. ಅದನ್ನು ‘ಸನ್ನಿವೇಶ’ದೊಳಗೆ ಓದಿಕೊಳ್ಳುವುದು ಮಂಡಳಿಯ ವಿವೇಕಕ್ಕೆ ಬಿಟ್ಟದ್ದು.

೬

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ವಯಸ್ಸಿಗೆ ಆಧಾರವೇನು? ಕಾಯಿದೆಯು ಮೊದಲು ಶಾಲೆಯ ಜನ್ಮದಿನಾಂಕ ಪತ್ರವನ್ನು, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನ ಪತ್ರವನ್ನು, ಎರಡೂ ಇಲ್ಲದಿದ್ದರೆ ಎಲುಬಿನ ಪರೀಕ್ಷೆಯನ್ನು ಒಪ್ಪುತ್ತದೆ. ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಹಾಕುವಾಗ ಹುಟ್ಟಿದ ದಿನ ತಿಳಿಯದೆ ಗುರುಗಳು ‘ಜೂನ್ ೧’ ಎಂದು ಬರೆದುಕೊಂಡು ಬಂದ ರೂಢಿ ಎಲ್ಲರಿಗೂ ಗೊತ್ತು. ಹದಿನಾರಕ್ಕೆ ಒಂದು ವಾರ ಕಡಿಮೆಯಾದರೆ ಪರಮಾವಧಿ ಮೂರು ವರ್ಷ. ಒಂದು ವಾರ ಹೆಚ್ಚಾದರೆ ಆಜೀವ ಸೆರೆಯವರೆಗೂ ಹೋಗಬಹುದಾದ ದಾರಿ. ಈ ಎರಡರ ನಡುವಣ ಅಂತರವನ್ನು ಹತ್ತು ವರ್ಷದ ಹಿಂದೆ ಯಾರೋ ಅಂದಾಜಿನಿಂದ ಬರೆದ ಒಂದು ತಾರೀಖು ನಿರ್ಣಯಿಸುತ್ತದೆ. ಶಾಸನದ ಕಾಲವನ್ನು ನಿರ್ಣಯಿಸುವಾಗ ನಾವು ತೋರುವ ಎಚ್ಚರವು ಶಾಲೆಯ ದಾಖಲೆಯನ್ನು ಬರೆಯುವಾಗಲೂ ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಈವರೆಗಿನ ವಿವೇಚನೆಯಿಂದ ನಾವು ತಲಪುವ ಅಭಿಪ್ರಾಯವಿದು. ವಯಸ್ಸಿನ ಗೆರೆ ಅವಶ್ಯ; ಅದಿಲ್ಲದೆ ಆಡಳಿತ ನಡೆಯದು. ಆದರೆ ಗೆರೆಯೇ ನ್ಯಾಯವಲ್ಲ. ಅದು ರಾಜ್ಯದ ಮೇರೆಯೊಡನೆ ಸರಿದಿದೆ, ಜನರ ಆಕ್ರೋಶದೊಡನೆಯೂ ಸರಿದಿದೆ. ಸರಿಯದೆ ಉಳಿದುದು ಒಂದೇ: ಮಿತಾಕ್ಷರೆಯ ಮೆಟ್ಟಿಲುಗಳಲ್ಲಿ, ದಂಡಸಂಹಿತೆಯ ೮೩ನೆಯ ಕಲಮಿನಲ್ಲಿ, ಇಂದಿನ ಮೌಲ್ಯಮಾಪನದಲ್ಲಿ ಒಡಮೂಡಿರುವ ಬಲಿತಿಕೆಯ ವಿಚಾರ. ದಂಡನೆ ನ್ಯಾಯವಾಗುವುದು ಈ ಒಬ್ಬ ಹುಡುಗನು ಆ ದಿನ ಏನಾಗಿದ್ದ, ಮುಂದೆ ಏನಾಗಬಲ್ಲ ಎಂಬುದನ್ನು ತಾಳ್ಮೆಯಿಂದ ವಿಚಾರಿಸಿದಾಗ. ನೊಂದ ಮನೆಯವರಿಗೆ ಆ ವಿಚಾರದ ಕಾರಣಗಳನ್ನು ತೆರೆದು ಹೇಳಿದಾಗ.

ಈ ವಿಚಾರಣೆಯ ಭಾರ ಮಂಡಳಿಯೊಂದರ ಮೇಲೆಯೇ ಬೀಳುವುದಿಲ್ಲ. ಹುಡುಗನ ಮನೆ, ಶಾಲೆ, ನೆರೆಹೊರೆಗಳ ಸ್ಥಿತಿಯನ್ನು ತಿಳಿದು ಸಾಮಾಜಿಕ ತನಿಖಾ ವರದಿಯನ್ನು ಸಿದ್ಧಪಡಿಸಲು ಪರಿವೀಕ್ಷಣಾಧಿಕಾರಿಯು ಓಣಿಗೆ ಬರುತ್ತಾನೆ. ಆಗ ನೆರೆಯವರು ಕಟ್ಟೆಯ ಮಾತನ್ನು ಹೇಳುವರೋ ಕಂಡುದನ್ನು ಹೇಳುವರೋ, ಶಿಕ್ಷಕನು ಹಾಜರಿ ಪುಸ್ತಕವನ್ನಷ್ಟೇ ತೋರಿಸುವನೋ ಹುಡುಗನ ನಡೆಯನ್ನೂ ವಿವರಿಸುವನೋ ಎಂಬುದರ ಮೇಲೆ ವರದಿಯ ಸತ್ಯ ನಿಂತಿದೆ. ಅವನ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸಕೂಡದೆಂದು ೭೪ನೆಯ ಕಲಮು ವಿಧಿಸುತ್ತದೆ. ಅದನ್ನು ಪಾಲಿಸುವುದೂ ನಮ್ಮ ಕೈಯಲ್ಲಿದೆ. ಹುಡುಗನಿಗೆ ಇಪ್ಪತ್ತೊಂದು ತುಂಬಿದ ದಿನ ನ್ಯಾಯಾಲಯವು ಅವನು ತಿದ್ದಿಕೊಂಡಿರುವನೇ ಎಂದು ಕೇಳುತ್ತದೆ. ಹೌದೆಂದು ಉತ್ತರ ಬಂದರೆ ಅವನು ಹಿಂದಿರುಗುವುದು ಇದೇ ಓಣಿಗೆ, ಅವನಿಂದ ನೊಂದವರು ಇನ್ನೂ ಬಾಳುತ್ತಿರುವ ಓಣಿಗೆ. ಆ ದಿನಕ್ಕೆ ಎರಡು ಮನೆಗಳನ್ನೂ ಸಿದ್ಧಗೊಳಿಸುವ ಕೆಲಸವನ್ನು ಯಾವ ಕಾಯಿದೆಯೂ ಇದುವರೆಗೆ ಯಾರಿಗೂ ವಹಿಸಿಲ್ಲ.