ಹೊಸೆದ ಶಾವಿಗೆ: ಹಬ್ಬದೂಟವೂ ಪಥ್ಯವೂ

ಬಸವ ಜಯಂತಿಯ ಹೊತ್ತಿಗೆ ಪಾರಿಶ್ವಾಡದ ಸುತ್ತಣ ಊರುಗಳಲ್ಲಿ ಬಿಸಿಲು ಬಲಿತಿರುತ್ತದೆ. ಮಳೆಗಾಲ ಹಿಡಿಯುವ ಮೊದಲೇ ವರ್ಷದ ಶಾವಿಗೆ ಒಣಗಿ ಡಬ್ಬಿ ಸೇರಬೇಕು. ನಾದಿ, ಕುಟ್ಟಿ ಹದಗೊಳಿಸಿದ ಕಣಕವನ್ನು ಇಳಿಜಾರಾದ ಶಾವಿಗೆ ಮಣೆಯ ಮೇಲೆ ಒಬ್ಬ ತಾಯಿ ಹೊಸೆಯುತ್ತ ಹೋದರೆ, ಇಳಿದುಬರುವ ಎಳೆಯನ್ನು ಇನ್ನೊಬ್ಬರು ಹರಿಯದಂತೆ ಹಿಡಿದು ಕೋಲಿನ ಮೇಲೆ ಹರವುತ್ತಾರೆ. ಒಬ್ಬರಿಂದ ಆಗುವ ಕಾಯಕ ಇದಲ್ಲ. ಯಂತ್ರ ಬಂದ ಮೇಲೆ ಎಷ್ಟೋ ಮನೆಗಳ ಮಣೆ ಅಟ್ಟ ಸೇರಿದೆ.

ಎಳೆ ಹರಿಯದಿರುವುದು ಗೋಧಿಯ ಅಂಟುಗುಣದಿಂದ. ನಾದಿದಷ್ಟೂ ಅದು ಬಲಗೊಳ್ಳುತ್ತದೆ. ಬೆಳಗಾವಿ, ಧಾರವಾಡ ಸೀಮೆಯ ಜವೆಗೋಧಿ ಹುಗ್ಗಿಯಂತೆ ಶಾವಿಗೆಗೂ ಹೆಸರುವಾಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಇದರ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ನೀಡಿದೆ. ಮೈದಾದ ಶಾವಿಗೆಗಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿಟ್ಟನ್ನು ವಸ್ತ್ರದಲ್ಲಿ ಸೋಸಿದಾಗ ತವುಡು ಉಳಿಯುವುದಿಲ್ಲವಾದ್ದರಿಂದ, ಕೈಯಲ್ಲಿ ಹೊಸೆದ ಮಾತ್ರಕ್ಕೆ ನಾರಿನಂಶ ಹೆಚ್ಚೆಂದು ಭಾವಿಸಲಾಗದು.

ಉಣ್ಣುವ ಕ್ರಮವನ್ನು ನಮ್ಮ ಹಿರಿಯರು ಸರಳವಾಗಿಯೇ ಇರಿಸಿದ್ದಾರೆ. ಕುದಿಯುವ ನೀರಿಗೆ ಶಾವಿಗೆ ಹಾಕಿ, ಎಳೆ ಮೆತ್ತಗಾದೊಡನೆ ಬಸಿದು, ಬಿಸಿ ಹಾಲು, ಬೆಲ್ಲ, ತುಪ್ಪದೊಡನೆ ಬಡಿಸುವುದು. ಹೆಚ್ಚು ಬೇಯಿಸಿದರೆ ರುಚಿ ಕೆಡುವುದಷ್ಟೇ ಅಲ್ಲ, ಪಿಷ್ಟವೂ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಬೇಗನೆ ಏರುತ್ತದೆ.

ಪಂಕ್ತಿಯಲ್ಲಿ ಕುಳಿತ ಮಧುಮೇಹಿಗಳು “ಸಕ್ಕರೆಯಲ್ಲ, ಬೆಲ್ಲ ತಾನೆ” ಎಂದು ಎರಡನೆಯ ಸಲ ಹಾಕಿಸಿಕೊಳ್ಳುವುದುಂಟು. ಈ ನಂಬಿಕೆಯೇ ಅಪಾಯಕರ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲರಿ ಇದ್ದರೆ ಬೆಲ್ಲದಲ್ಲಿ ಸುಮಾರು 380 ಇದೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಸಿಹಿ ಉಣ್ಣಬೇಕೆಂದು ಮಾತ್ರೆಯನ್ನು ತಾವೇ ಹೆಚ್ಚಿಸಿಕೊಳ್ಳುವುದಂತೂ ಸಲ್ಲದು.

ಅಂಥವರು ಶಾವಿಗೆಯನ್ನೇ ಬಿಡಬೇಕೆಂದಿಲ್ಲ. ಒಣ ಶಾವಿಗೆ 30 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ ಸಾಕು. ತೊಗರಿಬೇಳೆಯ ಕಟ್ಟಿಗೆ ಜೀರಿಗೆ, ಮೆಣಸು, ಹೆಚ್ಚಿದ ಗಜ್ಜರಿ, ನುಗ್ಗೆಸೊಪ್ಪು ಹಾಕಿ ಕುದಿಸಿ, ಬಸಿದ ಶಾವಿಗೆಯನ್ನು ಕೊನೆಯಲ್ಲಿ ಸೇರಿಸಿದರೆ ತೆಳ್ಳನೆಯ ಖಾರದ ಸಾರು ಸಿದ್ಧ. ಬೇಳೆಯೂ ಸೊಪ್ಪೂ ಕೂಡುವುದರಿಂದ ಕಡಿಮೆ ಶಾವಿಗೆಯಲ್ಲಿ ಹೊಟ್ಟೆ ತುಂಬುತ್ತದೆ. ಅದರೊಡನೆ ಅನ್ನವನ್ನಾಗಲಿ ರೊಟ್ಟಿಯನ್ನಾಗಲಿ ಎಂದಿನಷ್ಟೇ ಉಂಡರೆ ಲೆಕ್ಕ ತಪ್ಪುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ಬೇಳೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಗೋಧಿಯ ಅಂಟು ಒಗ್ಗದವರಿಗೆ ಜವೆಗೋಧಿಯೂ ವರ್ಜ್ಯ. ಅವರಿಗೆ ಒತ್ತುಮಣೆಯಲ್ಲಿ ಒತ್ತಿದ ಅಕ್ಕಿಯ ಶಾವಿಗೆ ಇದ್ದೇ ಇದೆ.